ಸೈಕಲ್ಲಿನ ಎಡಮಗ್ಗುಲಲ್ಲಿ

ಅರಕಲಗೂಡು

 

ಮನೆಯ ನಾಯಿಯನ್ನು ದಿನವೂ ಬೆಳಗ್ಗೆ ಸೈಕಲ್ಲಿನ ಜೊತೆಯಲ್ಲಿ ಓಡಿಸಬೇಕೆಂಬ ಆಸೆ ನಿನಗುಂಟಾಗಿರುವುದನ್ನೂ, ಅದಕ್ಕೆ ನಿನ್ನ ತಾಯಿ ಒಪ್ಪದೆ, ದೊಡ್ಡವರೊಬ್ಬರನ್ನು ಕೇಳಿ ಬಾ ಎಂದು ನಿನ್ನನ್ನು ನನ್ನಲ್ಲಿಗೆ ಅಟ್ಟಿದುದನ್ನೂ ಕಂಡು ನನಗೆ ಸಂತೋಷವೇ ಆಯಿತು. ಬಾಯಲ್ಲಿ ಹೇಳಿದ್ದು ಇಳಿಜಾರಿನ ಗಾಳಿಗೆ ಹಾರಿಹೋದೀತೆಂಬ ಅನುಮಾನದಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ. ನಾಯಿಯೂ ಸೈಕಲ್ಲೂ ಉಳ್ಳ ನಿನ್ನ ವಯಸ್ಸಿನವರು ಈ ತಾಲ್ಲೂಕಿನಲ್ಲಿ ಇನ್ನೂ ಅನೇಕರಿರುವುದರಿಂದ, ಅವರೂ ಓದಲೆಂದು ಲಕೋಟೆಯ ಬಾಯಿಗೆ ಅಂಟು ಹಚ್ಚುತ್ತಿಲ್ಲ.

ಸೈಕಲ್ಲಿನ ಮಾತಿಗೆ ಮುಂಚೆ ನಾಯಿಯ ಸ್ವಭಾವದ ಮಾತು. ಉಳುವ ಎತ್ತಿಗೆ ಆಯಾಸ ಮಿತಿಮೀರಿದರೆ ಅದು ನೊಗವನ್ನು ಹೊತ್ತೇ ನೇಗಿಲ ಸಾಲಿನಲ್ಲಿ ಮಲಗಿಬಿಡುತ್ತದೆ. ಕತ್ತೆಯಾದರೋ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಂತು, ಬೆನ್ನಿಗೆ ಬೀಳುವ ಏಟನ್ನು ವೇದಾಂತಿಯಂತೆ ಸಹಿಸುತ್ತದೆಯೇ ಹೊರತು ಹೆಜ್ಜೆ ಕೀಳುವುದಿಲ್ಲ. ನಾಯಿಗೆ ಈ ವಿವೇಕವಿಲ್ಲ. ಒಡೆಯನು ಮುಂದೆ ಸಾಗುತ್ತಿರುವಾಗ ತಾನು ಹಿಂದುಳಿಯುವುದು ಅದಕ್ಕೆ ದುಸ್ಸಹವಾದ ಸಂಗತಿಯಾದ್ದರಿಂದ, ಅಂಗಾಲಿನ ಚರ್ಮ ಸುಲಿದಿದ್ದರೂ, ಎದೆ ಬಿರಿಯುವಂತೆ ಏದುತ್ತಿದ್ದರೂ, ಬಿದ್ದುಹೋಗುವ ಗಳಿಗೆಯವರೆಗೂ ಓಡುತ್ತಲೇ ಇರುತ್ತದೆ. ಇದಕ್ಕೆ ಸಾಕ್ಷಿಯಾಗಿ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಿಲೆಯೊಂದುಂಟು. ತಕ್ಕೋಲದ ಯುದ್ಧದ ಕಾಲದಲ್ಲಿ ಪರಾಕ್ರಮ ಮೆರೆದ ಮಣಲೇರನು ತನ್ನೊಡೆಯನಾದ ಗಂಗರ ಬೂತುಗನಿಂದ ಕಾಳಿಯೆಂಬ ಬೇಟೆನಾಯಿಯನ್ನೇ ಬೇಡಿ ಪಡೆದನೆಂದೂ, ಆ ಕಾಳಿ ಮುಂದೆ ದೊಡ್ಡ ಹಂದಿಯೊಂದನ್ನು ಎದುರಿಸಿ ಹೋರಾಡಲು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವೆಂದೂ ಅದರಲ್ಲಿ ಬರೆದಿದೆ. ಎರಡು ಪ್ರಾಣಿಗಳೂ ಕಚ್ಚಾಡುತ್ತಿರುವ ಚಿತ್ರವನ್ನೂ ಕಂಡರಿಸಿದ್ದಾರೆ. ಅದನ್ನು ಕಂಡವರು ಸ್ವಾಮಿಭಕ್ತಿಯನ್ನು ಕೊಂಡಾಡುವುದು ರೂಢಿ. ನನಗಾದರೋ, ಸಾಕೆನ್ನುವುದನ್ನರಿಯದ ಪ್ರಾಣಿಯೊಂದರ ಕಥೆ ಅಲ್ಲಿ ಕಾಣುತ್ತದೆ. ಸಾಕೆನ್ನುವ ಹೊಣೆ ಪೂರ್ತಿಯಾಗಿ ಸೀಟಿನ ಮೇಲೆ ಕುಳಿತವನದು. 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯೂ ಪ್ರಾಣಿಯನ್ನು ಮಿತಿಮೀರಿ ಓಡಿಸುವುದನ್ನು ಹೊಡೆಯುವ, ಒದೆಯುವ ಅಪರಾಧಗಳ ಸಾಲಿನಲ್ಲಿಯೇ ಸೇರಿಸಿದೆಯೆಂಬುದನ್ನು ನೆನಪಿನಲ್ಲಿಡು.

ನಿನ್ನ ನಾಯಿಗೆ ವಯಸ್ಸೆಷ್ಟೆಂದು ನೀನು ಹೇಳಲಿಲ್ಲ. ಅದು ಇನ್ನೂ ವರ್ಷ ತುಂಬದ ಮರಿಯಾಗಿದ್ದಲ್ಲಿ ಈ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಡು. ಬೆಳೆಯುವ ಮರಿಯ ಎಲುಬಿನ ತುದಿಗಳು ಮೃದುವಾಗಿರುತ್ತವೆ. ಅವು ಗಟ್ಟಿಯಾಗುವ ಮುನ್ನ ಗಟ್ಟಿ ನೆಲದ ಮೇಲೆ ಒಂದೇ ಸಮನೆ ಓಡಿಸಿದರೆ ಕೀಲುಗಳು ಕೆಟ್ಟು, ಜೀವಮಾನವೆಲ್ಲ ಕುಂಟುವ ಸಂಭವವುಂಟು. ನಾವು ಆಲ್ಸೇಷಿಯನ್ ಎನ್ನುವ ಜಾತಿಯಂಥ ದೊಡ್ಡ ನಾಯಿಗಳಿಗೆ ಒಂದೂವರೆ ವರ್ಷ ಕಾಯುವುದು ಕ್ಷೇಮ. ಆ ನಾಯಿಯ ತವರಾದ ಜರ್ಮನಿಯಲ್ಲಿ, ಸೈಕಲ್ ಸವಾರನು ರಸ್ತೆಯಲ್ಲಿ ಹಿಡಿದುಕೊಂಡು ಹೋಗಬಹುದಾದ ಪ್ರಾಣಿ ನಾಯಿಯೊಂದೇ ಎಂದು ಸಂಚಾರದ ನಿಯಮದಲ್ಲಿಯೇ ಬರೆದಿದ್ದಾರೆ. ಅಷ್ಟಲ್ಲದೆ, ಸೈಕಲ್ಲಿನ ಪಕ್ಕದಲ್ಲಿ 20 ಕಿಲೋಮೀಟರು ಓಡುವ ತಾಳ್ಮೆಯ ಪರೀಕ್ಷೆಯೊಂದನ್ನು ಬಹುಕಾಲದಿಂದ ನಡೆಸುತ್ತಲಿದ್ದಾರೆ. ಅದಕ್ಕೆ ಕೂರುವ ನಾಯಿಗೆ 16 ತಿಂಗಳು ತುಂಬಿರಬೇಕು, ವೇಗವು ಗಂಟೆಗೆ 12ರಿಂದ 15 ಕಿಲೋಮೀಟರನ್ನು ಮೀರಕೂಡದು, 8 ಕಿಲೋಮೀಟರಾದ ಮೇಲೊಮ್ಮೆ 15 ಆದ ಮೇಲೊಮ್ಮೆ ನಿಂತು ವಿಶ್ರಾಂತಿ ಕೊಡಬೇಕು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ನಾಯಿಗೆ, ಅದೂ ತಂಪಾದ ದೇಶದಲ್ಲಿ, ಇಷ್ಟು ಕಟ್ಟಳೆ. ನಿನಗೆ ಮೂರು ನಾಲ್ಕು ಕಿಲೋಮೀಟರು ಧಾರಾಳವಾಯಿತು.

ಜಾತಿಯ ವಿಚಾರದಲ್ಲಿ ಹೆಚ್ಚು ಹೇಳಲಾರೆ. ಮೊಬೈಲ್ ಕಂಪೆನಿಯ ಜಾಹೀರಾತಿನಿಂದ ಪ್ರಸಿದ್ಧವಾದ ಆ ಚಪ್ಪಟೆ ಮೂಗಿನ ಪಗ್ ನಾಯಿಯನ್ನು ಸೈಕಲ್ಲಿನ ಹತ್ತಿರಕ್ಕೂ ತರಬಾರದು. ನಾಯಿಗೆ ಅಂಗಾಲಿನಲ್ಲಲ್ಲದೆ ಮೈಯಲ್ಲಿ ಬೆವರುವ ಸೌಕರ್ಯವಿಲ್ಲದ್ದರಿಂದ ಒಳಗಿನ ಬೇಗೆಯೆಲ್ಲ ಬಾಯಿ ಮೂಗುಗಳ ಮೂಲಕವೇ ಹೊರಗೆ ಹೋಗತಕ್ಕದ್ದು, ಮೂಗೇ ಇಲ್ಲದ ಮೇಲೆ ಹೋಗುವುದೆಲ್ಲಿಗೆ? ಅಂಚೆ ಇಲಾಖೆಯು 2005ರಲ್ಲಿ ಚೀಟಿ ಹೊರಡಿಸಿ ಗೌರವಿಸಿದ ನಮ್ಮ ಮುಧೋಳದ ನಾಯಿಯ ತೊಂದರೆ ಬೇರೆ ಬಗೆಯದು: ಅದು ಕಣ್ಣಿನಿಂದ ಬೇಟೆಯಾಡುವ ಜಾತಿ, ಬೇಲಿಯಿಂದ ಮೊಲವೊಂದು ಎದ್ದಿತೋ, ನೀನೂ ನಿನ್ನ ಸೈಕಲ್ಲೂ ಹೊಲದ ನಡುವೆ ಬಿದ್ದಿರುತ್ತೀರಿ. ಉದ್ದ ಮೂಗಿನ, ಗಿಡ್ಡ ಕೂದಲಿನ, ಹಗುರ ಮೈಯ ನಮ್ಮ ಊರನಾಯಿ ಈ ಕೆಲಸಕ್ಕೆ ಅತ್ಯುತ್ತಮವೆಂದು ನನ್ನ ಅಭಿಪ್ರಾಯ. ಸಾವಿರಾರು ರೂಪಾಯಿ ಕೊಟ್ಟು ತಂದ ನಾಯಿಯುಳ್ಳವರು ಇದನ್ನು ಒಪ್ಪುವುದಿಲ್ಲ, ಒಪ್ಪದಿರಲಿ. ಯಾವುದೇ ಆಗಲಿ, ಮೊದಲು ಪಶು ಆಸ್ಪತ್ರೆಯ ವೈದ್ಯರಿಂದ ಅದರ ಎದೆಯನ್ನೂ ಹಿಂಗಾಲಿನ ಕೀಲನ್ನೂ ನೋಡಿಸು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಅದನ್ನೂ ಅಲ್ಲೇ ಹಾಕಿಸಿಬಿಡು.

ಇನ್ನು ಕಟ್ಟುವ ಬಗೆ. ಅನರ್ಥವೆಲ್ಲ ಇಲ್ಲಿಂದಲೇ ಹುಟ್ಟುವುದರಿಂದ ಇದನ್ನು ಸಾವಧಾನವಾಗಿ ಓದು. ನಾಯಿಯ ಚೈನನ್ನು ಹ್ಯಾಂಡಲ್ಲಿಗೆ ಸುತ್ತಿಕೊಂಡು ಹೋಗುವ ಹುಡುಗರನ್ನು ದಿನವೂ ನೋಡುತ್ತೇನೆ. ಹ್ಯಾಂಡಲ್ಲು ಸೈಕಲ್ಲಿನ ಅತ್ಯಂತ ಚಂಚಲವಾದ ಅಂಗ. ನಾಯಿ ಒಮ್ಮೆ ಪಕ್ಕಕ್ಕೆ ಜಗ್ಗಿದರೆ ಮುಂದಿನ ಗಾಲಿ ಅಡ್ಡ ತಿರುಗಿ, ಸವಾರನು ಅದರ ಮೇಲಿನಿಂದ ಹಾರಿಬೀಳುತ್ತಾನೆ. ಕೈಯಲ್ಲಿ ಹಿಡಿದರೆ ಆಗದೇ ಎಂದು ನೀನು ಕೇಳಬಹುದು. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಗಾಲಿಯದು, ಎಡಗೈ ಬ್ರೇಕು ಹಿಂದಿನದು. ನಾಯಿ ಎಡಗಡೆ ಇರುವಾಗ ಎಡಗೈ ಹಗ್ಗಕ್ಕೆ ಮೀಸಲಾಗುವುದರಿಂದ, ಗಾಬರಿಯಲ್ಲಿ ಒತ್ತುವುದು ಮುಂದಿನ ಗಾಲಿಯ ಬ್ರೇಕೊಂದನ್ನೇ. ಇಳಿಜಾರಿನಲ್ಲಿ ಅದರ ಪರಿಣಾಮವೇನೆಂದು ಸೈಕಲ್ ಕಲಿತ ಯಾರಿಗೂ ವಿವರಿಸಬೇಕಾಗಿಲ್ಲ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುವುದಂತೂ ಶುದ್ಧ ಅವಿವೇಕ.

ಸರಿಯಾದ ಕ್ರಮವೆಂದರೆ, ಸೀಟಿನ ಕೆಳಗಿನ ಪೈಪಿಗೆ ಗಟ್ಟಿಯಾದ ಕ್ಲಾಂಪು ಹಾಕಿ, ಎಡಕ್ಕೆ ಒಂದೂವರೆ ಅಡಿಯಷ್ಟು ಚಾಚುವ ಕಬ್ಬಿಣದ ಕಂಬಿಯನ್ನು ನಾಯಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಕೂರಿಸಿ, ಕಂಬಿಯ ತುದಿಗೊಂದು ದಪ್ಪನೆಯ ಸ್ಪ್ರಿಂಗನ್ನೂ ಸ್ಪ್ರಿಂಗಿಗೆ ಗಿಡ್ಡ ಹಗ್ಗವನ್ನೂ ಜೋಡಿಸುವುದು. ನಾರ್ವೆಯವರು ಇಂಥದನ್ನು ಸಿದ್ಧವಾಗಿಯೇ ತಯಾರಿಸಿ ಮಾರುತ್ತಾರೆ. ನಮಗೆ ಊರಿನ ವೆಲ್ಡಿಂಗ್ ಅಂಗಡಿ ಸಾಕು. ಜಗ್ಗಾಟ ನೆಲಕ್ಕೆ ಹತ್ತಿರವಾದ ಜಾಗದಲ್ಲಿ ನಡೆಯುವುದರಿಂದ ಸೈಕಲ್ಲು ತೂಕ ತಪ್ಪುವುದಿಲ್ಲ, ಕಂಬಿಯ ದೆಸೆಯಿಂದ ನಾಯಿ ಪೆಡಲಿಗೂ ಗಾಲಿಯ ಕಡ್ಡಿಗಳಿಗೂ ದೂರವಿರುತ್ತದೆ, ಎಳೆತದ ಪೆಟ್ಟನ್ನು ಸ್ಪ್ರಿಂಗು ನುಂಗಿಕೊಳ್ಳುತ್ತದೆ. ಹಗ್ಗ ಕೊರಳ ಬೆಲ್ಟಿಗೆ ಸೇರಕೂಡದು. ಓಟದಲ್ಲಿ ಕೊರಳಿಗೆ ಬೀಳುವ ಜಗ್ಗು ಶ್ವಾಸನಾಳವನ್ನು ಹಿಚುಕುತ್ತದೆ. ಅಂಗಡಿಯವರು ಹಾರ್ನೆಸ್ ಎನ್ನುವ ಎದೆಪಟ್ಟಿಯನ್ನು ತೊಡಿಸು. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ, ಮುಂಗಾಲಿನ ಕಂಕುಳಲ್ಲಿ ಉಜ್ಜದಿರಲಿ. ಹಗ್ಗವನ್ನು ಸ್ಪ್ರಿಂಗಿಗೆ ಬಿಗಿಯುವಲ್ಲಿ ನಾಲ್ಕು ಸುತ್ತು ಸಣಬಿನ ಹುರಿಯನ್ನು ಮಧ್ಯೆ ಕಟ್ಟು. ರಸ್ತೆಯ ಪಕ್ಕದ ಕಂಬವೊಂದಕ್ಕೆ ನಾಯಿ ಆಚೆಯಿಂದಲೂ ನೀನು ಈಚೆಯಿಂದಲೂ ಹೊರಟ ಕ್ಷಣದಲ್ಲಿ ಹರಿಯಬೇಕಾದದ್ದು ಆ ಹುರಿ. ಹರಿದರೆ ನಾಯಿಯನ್ನು ರಸ್ತೆಗೆ ಬಿಟ್ಟಂತಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ಕರೆದರೆ ಬರುವ, ನಿಲ್ಲೆಂದರೆ ನಿಲ್ಲುವ ಅಭ್ಯಾಸ ಮೊದಲಾಗಬೇಕು, ಆಮೇಲೆ ಸೈಕಲ್ಲು.

ನಾಯಿ ಸದಾ ನಿನ್ನ ಎಡಗಡೆ. ವಾಹನಗಳು ಬಲದಿಂದ ಹಾದುಹೋಗುವ ನಮ್ಮ ದೇಶದಲ್ಲಿ ನೀನು ಅವುಗಳಿಗೂ ಅದಕ್ಕೂ ನಡುವೆ ಇರತಕ್ಕದ್ದು. ಡಾಂಬರಿನ ಅಂಚಿನ ಮಣ್ಣಿನಲ್ಲಿ ಓಡುವ ಸೌಖ್ಯವೂ ಅದಕ್ಕೆ ಸಿಗುತ್ತದೆ. ಹೊಳೆನರಸೀಪುರದ ರಸ್ತೆಯಾಗಲಿ, ಕೊಣನೂರಿನ ರಸ್ತೆಯಾಗಲಿ ಇದಕ್ಕೆ ತಕ್ಕದ್ದಲ್ಲ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಂತೂ ಬೇಲು ಹೇರಿದ ವಾಹನಗಳ ಸಾಲಿನಲ್ಲಿ ಮನುಷ್ಯನಿಗೇ ಜಾಗವಿರುವುದಿಲ್ಲ. ಸುಗ್ಗಿಯ ಕಾಲದಲ್ಲಿ ರೈತರು ರಸ್ತೆಯ ಮೇಲೆ ಹುರುಳಿಯನ್ನೂ ರಾಗಿಯ ತೆನೆಯನ್ನೂ ಹಾಸಿರುತ್ತಾರೆ. ಅದರ ಮೇಲೆ ಗಾಲಿ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಇಳಿದು ನಡೆಸಿಕೊಂಡೇ ಹೋಗು. ಒಕ್ಕಣೆಯವರೊಡನೆ ಎರಡು ಮಾತಾಡಿದರೆ ನಾಯಿಗೂ ದಣಿವಾರುತ್ತದೆ.

ನನ್ನ ಆಯ್ಕೆ ಹೇಮಾವತಿ ನಾಲೆಯ ಏರಿಯ ಮಣ್ಣುದಾರಿ. ನೆರಳುಂಟು, ವಾಹನ ವಿರಳ, ಅಂಗಾಲಿಗೆ ಹಿತ. ಆದರೆ ನಾಲೆಯ ಗೋಡೆಗಳು ಸಿಮೆಂಟಿನ ಜಾರುಗಲ್ಲುಗಳು. ನೀರು ಬಿಟ್ಟ ದಿನಗಳಲ್ಲಿ ಒಳಗೆ ಜಾರಿದ ನಾಯಿಗೆ ಉಗುರೂರಲು ಎಡೆಯಿಲ್ಲ, ಎತ್ತಲು ಇಳಿದವನಿಗೂ ಇಲ್ಲ. ನಾಯಿ ಎಡಗಡೆಯಿರುವುದರಿಂದ ನೀರು ಯಾವಾಗಲೂ ನಿನ್ನ ಬಲಕ್ಕಿರುವಂತೆ ಹೊರಡು. ಬಂದ ದಾರಿಯಲ್ಲೇ ತಿರುಗಿದರೆ ನೀರು ಎಡಕ್ಕೆ ಬಂದುಬಿಡುತ್ತದೆ; ಸೇತುವೆ ದಾಟಿ ಎದುರು ದಂಡೆಯಲ್ಲಿ ಹಿಂದಿರುಗಿದೆಯಾದರೆ ಆಗಲೂ ಅದು ಬಲಕ್ಕೇ ಇರುತ್ತದೆ. ಎದುರು ದಂಡೆಯಲ್ಲಿ ದಾರಿ ಇಲ್ಲದ ಕಡೆ ಸೈಕಲ್ಲನ್ನು ತಳ್ಳಿಕೊಂಡು ನಡೆದು ಬಾ. ಬೇಸಗೆಯಲ್ಲಿ ಆ ಏರಿಯ ಮೇಲೆ ನೆಗ್ಗಿಲ ಮುಳ್ಳು ಹಬ್ಬಿರುತ್ತದೆ; ಅದು ಟ್ಯೂಬಿಗೂ ನಾಯಿಯ ಪಾದಕ್ಕೂ ಪಕ್ಷಪಾತವಿಲ್ಲದೆ ಚುಚ್ಚುತ್ತದೆ.

ಹೊತ್ತಿನ ವಿಷಯ. ಸೂರ್ಯ ಮೇಲೇರುವುದರೊಳಗಾಗಿ ಮನೆ ಸೇರಬೇಕು, ಆದರೆ ಕತ್ತಲಲ್ಲಿ ಹೊರಡಬಾರದು. ನಮ್ಮ ಕಡೆ ಚಿರತೆಗೆ ನಾಯಿಯೆಂದರೆ ಬಹು ಪ್ರೀತಿ, ಮಲ್ಲಿಪಟ್ಟಣದ ಕಡೆಗಾದರೆ ಕಾಡಾನೆಯ ಭಯವೂ ಸೇರುತ್ತದೆ. ಬೆಳಕು ಚೆನ್ನಾಗಿ ಹರಿದ ಮೇಲಿನ ಒಂದು ಗಂಟೆ ಪ್ರಶಸ್ತ. ಮಾರ್ಚಿನಿಂದ ಮೇವರೆಗೆ ಸಂಜೆ ಓಡಿಸುವುದಾದರೆ, ಅಂಗೈಯ ಹಿಂಬದಿಯನ್ನು ಡಾಂಬರಿಗೆ ಒತ್ತಿ ಏಳೆಣಿಸು. ನಿನಗೆ ತಾಳದಿದ್ದರೆ ಅದಕ್ಕೂ ತಾಳದು. ಹೊಟ್ಟೆ ತುಂಬಾ ತಿಂದ ಮೇಲೆ ಎರಡು ಮೂರು ಗಂಟೆ ಓಡಿಸಬೇಡ, ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಂಡು ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಮೊದಲ ವಾರ ಸೈಕಲ್ಲನ್ನು ಹತ್ತಲೇಬೇಡ. ಅದನ್ನು ತಳ್ಳಿಕೊಂಡು ನಾಯಿಯೊಡನೆ ನಡೆ. ಚೈನಿನ ಕಟಕಟ ಸದ್ದೂ ಗಂಟೆಯ ನಾದವೂ ಅದಕ್ಕೆ ಪರಿಚಯವಾಗಲಿ. ಆಮೇಲೆ ಒಂದಷ್ಟು ದೂರ ಸವಾರಿ, ಒಂದಷ್ಟು ದೂರ ನಡಿಗೆ. ಓಟದ ಗತಿ ಕುಕ್ಕುಲೋಟ, ಎಂದರೆ ಓರೆಯಾಗಿ ಎದುರುಬದುರಾದ ಕಾಲುಗಳು ಜೋಡಿಜೋಡಿಯಾಗಿ ಬೀಳುವ ಸಮನಾದ ಓಟ. ಅದರಲ್ಲಿ ನಾಯಿ ಬಹಳ ಹೊತ್ತು ಬಾಳುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿ ನೆಗೆಯತೊಡಗಿತೆಂದರೆ ನಾಗಾಲೋಟಕ್ಕೆ ಬಿದ್ದಿದೆ, ನೀನು ಪೆಡಲು ತುಳಿದದ್ದು ಹೆಚ್ಚಾಯಿತು. ಹಗ್ಗ ಹಿಂದಕ್ಕೆ ಬಿಗಿಯಾದರೆ ಅದು ದಣಿದಿದೆ, ಎಳೆಯಬೇಡ, ಇಳಿ. ಸೊಂಟದಲ್ಲೊಂದು ನೀರಿನ ಬಾಟಲಿ ಇರಲಿ, ಸ್ವಲ್ಪ ಸ್ವಲ್ಪವಾಗಿ ಕುಡಿಸು.

ನಾಲಗೆ ಅಗಲವಾಗಿ ಜೋಲುಬಿದ್ದು, ಜೊಲ್ಲು ಅಂಟಾಗಿ, ಒಸಡು ಕಡುಗೆಂಪಾಗಿ, ಹಿಂಗಾಲು ತೂರಾಡಿದರೆ ಅದು ಬಿಸಿಲಿನ ಹೊಡೆತ. ಆರೋಗ್ಯವಾದ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿತೆಂದರೆ ಒಳಗಿನ ಅಂಗಾಂಗಗಳು ಕೆಡುತ್ತವೆ. ನೆರಳಿಗೆ ಒಯ್ದು, ಹೊಟ್ಟೆಗೂ ತೊಡೆಯ ಸಂದಿಗೂ ತಣ್ಣೀರು ಸುರಿದು, ಟವೆಲಿನಿಂದ ಗಾಳಿ ಹಾಕುತ್ತ, ಆಟೋ ಕರೆಸಿ ಪಶು ಆಸ್ಪತ್ರೆಗೆ ಸಾಗಿಸು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಆದರೆ ಮೊದಲ ನೀರನ್ನು ನೀನೇ ಸುರಿಯಬೇಕು.

ಬೀದಿನಾಯಿಗಳ ಗುಂಪು ಎದುರಾದಾಗ ವೇಗ ಹೆಚ್ಚಿಸುವುದು ಎಲ್ಲರಿಗೂ ತೋಚುವ ಉಪಾಯ, ಮತ್ತು ಅತ್ಯಂತ ಕೆಟ್ಟದ್ದು. ಓಡುವುದನ್ನು ಅಟ್ಟುವುದು ಅವುಗಳ ಧರ್ಮ. ಕಂಬಿಗೆ ಕಟ್ಟಿದ ನಿನ್ನ ನಾಯಿಗಾದರೋ ಕಾದಲೂ ಬಾರದು, ಕಾಲ್ತೆಗೆಯಲೂ ಬಾರದು. ನಿಧಾನಿಸಿ ಇಳಿದು, ಸೈಕಲ್ಲನ್ನು ಅವುಗಳಿಗೂ ನಿನ್ನ ನಾಯಿಗೂ ಅಡ್ಡವಾಗಿ ಹಿಡಿದು ನಡೆದುಬಿಡು. ಆ ಬೀದಿಯ ಸರಹದ್ದು ಮುಗಿಯುತ್ತಲೇ ಅವು ತಾವಾಗಿ ನಿಲ್ಲುತ್ತವೆ. ಹಾಗೂ ನಿನಗೇ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು.

ಮನೆಗೆ ಬಂದ ಮೇಲೆ ಬೆರಳ ಸಂದುಗಳಲ್ಲಿ ಮುಳ್ಳನ್ನೂ, ಕಿವಿಯೊಳಗೂ ಕಂಕುಳಲ್ಲೂ ಉಣುಗನ್ನೂ ಹುಡುಕಿ ತೆಗೆ.

ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಬೇಕಾಗಿದ್ದ ಕಾಲದವನ ಮಾತೆಂದು ಇದನ್ನೆಲ್ಲ ತಳ್ಳಿಹಾಕದೆ, ನಾಳಿದ್ದು ಸಂಜೆ ನನ್ನೊಡನೆ ವೆಲ್ಡಿಂಗ್ ಅಂಗಡಿಗೆ ಬಾ. ನಾಯಿಯನ್ನೂ ಕರೆತಾ, ಕಂಬಿಯ ಎತ್ತರವನ್ನು ಅದರ ಬೆನ್ನಿಗೆ ಹಿಡಿದೇ ಗುರುತು ಹಾಕಬೇಕು. ಗುರುತಾದ ಮೇಲೆ ಮಾತ್ರ ಅದನ್ನು ದೂರ ಕರೆದೊಯ್ಯಲು ನಿನ್ನ ತಮ್ಮನಿಗೆ ಹೇಳು. ಕಿಡಿ ಕಂಡು ಬೆದರಿತೆಂದರೆ ಮತ್ತೆ ಆ ಸೈಕಲ್ಲಿನ ಹತ್ತಿರ ಸುಳಿಯಲಾರದು. ಹಳೆಯ ಸ್ಪ್ರಿಂಗೊಂದು ನಮ್ಮ ಅಟ್ಟದ ಮೇಲಿದೆ, ಹುಡುಕಿ ತರುತ್ತೇನೆ. ನಿನ್ನ ತಾಯಿಗೆ ನನ್ನ ಆಶೀರ್ವಾದ ತಿಳಿಸು.

ಇತಿ,
ನಿಮ್ಮ ಬೀದಿಯ ಅಜ್ಜ