ಊರು ಬದಲಾದ ಬಗೆ ಹೇಳಿ, ಆಡ್‌ವರ್ಬ್ ಕಲಿಯಿರಿ

ಕೆರಾಡಿ ಸುತ್ತಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕಸುಬು. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗಿದೆ. ಹಾಗಾಗಿ ಹೈಸ್ಕೂಲಿಗೆ ಬರುವ ಹೊತ್ತಿಗೆ ಮಕ್ಕಳು 'ಸ್ಲೋಲಿ', 'ಕ್ವಿಕ್ಲಿ' ಎಂದು ತಪ್ಪಿಲ್ಲದೆ ಬರೆಯುತ್ತಾರೆ. ಮಾತಾಡು ಎಂದರೆ ಅವು ಬಾಯಿಗೆ ಬರುವುದಿಲ್ಲ. ಊರು ಹೇಗೆ ಬದಲಾಯಿತು ಹೇಳಿ ಎಂದರೆ ಮಾತ್ರ ಬರುತ್ತವೆ, ಏಕೆಂದರೆ ಎಷ್ಟು, ಯಾವಾಗಿನಿಂದ, ಎಷ್ಟು ಬೇಗ, ಈಗಲೂ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆಡ್‌ವರ್ಬಿನಲ್ಲೇ ಇರುತ್ತದೆ. ಈ ಕೆಲಸದಲ್ಲಿ ನನಗೆ ದಕ್ಕಿದ ಪಾಠಗಳು ಇವು.

1. ಪಟ್ಟಿ ಬಿಡಿ, ಹಳೇ ಕಾಗದ ಹಿಡಿಯಿರಿ.
ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಬರಲು ಹೇಳುತ್ತೇನೆ. ಹಲವರ ಮನೆಯಲ್ಲಿ ಅದರ ಮೇಲೆ 'ದಕ್ಷಿಣ ಕನ್ನಡ' ಎಂದಿರುತ್ತದೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಾದದ್ದು 2018ರಲ್ಲಿ. ಇಷ್ಟರಲ್ಲೇ ಮೂರು ವಾಕ್ಯ ಸಿದ್ಧ: 'ಉಡುಪಿ ವಾಸ್ ಫಾರ್ಮರ್ಲಿ ಇನ್ ದಕ್ಷಿಣ ಕನ್ನಡ.' 'ಬೈಂದೂರು ಈಸ್ ನೋ ಲಾಂಗರ್ ಇನ್ ಕುಂದಾಪುರ ತಾಲ್ಲೂಕ್.' 'ಕೆರಾಡಿ ಈಸ್ ಸ್ಟಿಲ್ ಇನ್ ಕುಂದಾಪುರ ತಾಲ್ಲೂಕ್.' ಆದದ್ದು, ಮುಗಿದದ್ದು, ಉಳಿದದ್ದು ಮೂರೂ ಬಂದವು.

2. ಕುಂದಾಪ್ರ ಕನ್ನಡದಿಂದ ನೇರ ಇಂಗ್ಲಿಷಿಗೆ ಹೋಗಲು ಬಿಡಿ.
ಬೇರೆ ಊರಿನಿಂದ ಬಂದ ಮೇಷ್ಟ್ರುಗಳು ಎಡವುವ ಜಾಗ ಇದು. ನಮ್ಮಲ್ಲಿ 'ಗದ್ದೆ ಇತ್ತ್' ಎಂದರೆ ಗದ್ದೆ ಈಗ ಇದೆ ಎಂದೇ ಅರ್ಥ. ಹಿಂದೆ ಇದ್ದದ್ದಕ್ಕೆ 'ಇದ್ದಿತ್' ಎನ್ನುತ್ತೇವೆ. ಪಠ್ಯದ ಕನ್ನಡ ಮಾತ್ರ ಗೊತ್ತಿದ್ದವರು 'ಇತ್ತ್' ಎಂದದ್ದನ್ನು 'ಇತ್ತು' ಎಂದುಕೊಂಡು 'ವಾಸ್' ಬರೆಸುತ್ತಾರೆ, ಇರುವ ಗದ್ದೆ ಮಾಯವಾಗುತ್ತದೆ. 'ಇತ್ತ್' ಬಂದರೆ 'ಈಸ್ ಸ್ಟಿಲ್', 'ಇದ್ದಿತ್' ಬಂದರೆ 'ಯೂಸ್ಡ್ ಟು ಬಿ' ಎಂದು ಬೋರ್ಡಿನ ಮೇಲೆ ಎದುರುಬದುರು ಬರೆದರೆ ಮಕ್ಕಳಿಗೆ ಗೊಂದಲವಿಲ್ಲ.

3. 'ಇನ್ನೂ' ಎಂಬುದನ್ನು ಎರಡಾಗಿ ಒಡೆಯಿರಿ.
ಅಮ್ಮಮ್ಮ ಇನ್ನೂ ಗದ್ದೆಗೆ ಹೋಗುತ್ತಾರೆ ಎನ್ನಲು 'ಸ್ಟಿಲ್' ಬೇಕು. ಬಸ್ಸು ಇನ್ನೂ ಬಂದಿಲ್ಲ ಎನ್ನಲು 'ಯೆಟ್' ಸಾಕು. ವಿವರಣೆ ಉದ್ದ ಮಾಡಬೇಡಿ. ವಾಕ್ಯದ ಕೊನೆಯಲ್ಲಿ 'ಇಲ್ಲ' ಇದೆಯೇ ನೋಡಿ ಎಂದರೆ ಮೊದಲ ಹಂತಕ್ಕೆ ಅಷ್ಟೇ ಸಾಕು.

4. ಒಂದೇ ಘಟನೆಗೆ ಎರಡು ವೇಗ ಕೇಳಿ.
ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ, ಇಡೀ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ. ಹಳಿ ಬಂದದ್ದು 'ಗ್ರಾಜುಯಲಿ'. ಮುಂಬೈ ಹೋಟೆಲಿನಲ್ಲಿದ್ದ ಮಾವನಿಗೆ ಊರು ಹತ್ತಿರವಾದದ್ದು? 'ಸಡನ್ಲಿ'. ಕೆರಾಡಿಯಲ್ಲೇ ಚಿತ್ರೀಕರಿಸಿದ 'ಕಾಂತಾರ' ಸಿನಿಮಾ 2022ರಲ್ಲಿ ತೆರೆಕಂಡಾಗಲೂ ಹೀಗೇ. ಕೆರಾಡಿಯ ಹೆಸರು 'ಓವರ್‌ನೈಟ್' ದೇಶಕ್ಕೆಲ್ಲ ಗೊತ್ತಾಯಿತು ಎಂದು ಒಬ್ಬ ಹೇಳುತ್ತಾನೆ. ಊರಿನ ರಸ್ತೆ, ಬಸ್ಸು ಅಷ್ಟೇ ಬೇಗ ಬದಲಾದವೇ ಎಂದು ಕೇಳಿದರೆ ಇಡೀ ತರಗತಿ ವಾದಕ್ಕೆ ನಿಲ್ಲುತ್ತದೆ. ವಾದ ಮಾಡುವಾಗ ಯಾರಿಗೂ ವ್ಯಾಕರಣದ ಹೆದರಿಕೆ ಇರುವುದಿಲ್ಲ.

5. ಪದದ ಜಾಗ ಕಾಲಿಗೆ ಕಲಿಸಿ.
ನಮ್ಮ ಮಾತಿನಲ್ಲಿ 'ಚೆನ್ನಾಗಿ' ಕ್ರಿಯಾಪದದ ಮುಂದೆಯೇ ಕೂರುತ್ತದೆ. ಅದಕ್ಕೇ 'ಶೀ ಸ್ಪೀಕ್ಸ್ ವೆಲ್ ಇಂಗ್ಲಿಷ್' ಹುಟ್ಟುವುದು. ನಾಲ್ವರು ಮಕ್ಕಳ ಕೈಗೆ ನಾಲ್ಕು ಪದದ ಚೀಟಿ ಕೊಟ್ಟು ಸಾಲಾಗಿ ನಿಲ್ಲಿಸಿ. 'ವೆಲ್' ಹಿಡಿದ ಹುಡುಗಿ 'ಇಂಗ್ಲಿಷ್' ಹಿಡಿದವನನ್ನು ದಾಟಿ ಕೊನೆಗೆ ಹೋಗಿ ನಿಲ್ಲಲಿ. ಆಮೇಲೆ 'ವೆಲ್' ತೆಗೆದು 'ಆಲ್ವೇಸ್' ಕೊಡಿ. ಅವಳು ಈಗ 'ಸ್ಪೀಕ್ಸ್' ಹಿಂದೆ ಬಿಟ್ಟು ಅದರ ಮುಂದೆ ಬರಬೇಕು: 'ಶೀ ಆಲ್ವೇಸ್ ಸ್ಪೀಕ್ಸ್ ಇಂಗ್ಲಿಷ್.' ಹೀಗೆ ಓಡಾಡಿದ ಮೇಲೆ ಜಾಗ ತಪ್ಪುವುದು ಕಡಿಮೆ. ಇದರ ಜತೆಗೇ 'ಹಾರ್ಡ್', 'ಹಾರ್ಡ್ಲಿ' ಬೇರೆ ಬೇರೆ ಎಂದೂ ಹೇಳಿಬಿಡಿ. 'ಮೈ ಫಾದರ್ ವರ್ಕ್ಸ್ ಹಾರ್ಡ್ಲಿ' ಎಂದರೆ ಬೆವರು ಸುರಿಸುವ ಅಪ್ಪ ಕೆಲಸಗಳ್ಳನಾಗುತ್ತಾನೆ.

6. ಪತ್ರಿಕೆಯ ಧಾರಣೆ ಪಟ್ಟಿ ಒಳ್ಳೆಯ ಪಠ್ಯ.
ಅಡಿಕೆ, ಕಾಳುಮೆಣಸು, ರಬ್ಬರಿನ ದರ ಇಲ್ಲಿಯ ಮನೆಗಳಲ್ಲಿ ಊಟದ ಹೊತ್ತಿನ ಮಾತು. ವಾರದ ದರ ಬೋರ್ಡಿನ ಮೇಲೆ ಬರೆದು 'ರೋಸ್', 'ಫೆಲ್' ಜತೆಗೆ 'ಸ್ಲೈಟ್ಲಿ', 'ಸ್ಟೆಡಿಲಿ', 'ಶಾರ್ಪ್ಲಿ' ಪೈಕಿ ಯಾವುದು ಸರಿ ಎಂದು ಕೇಳಿ. ಕೊಳ್ಳುವವರ ಮಗ 'ಸ್ಲೈಟ್ಲಿ' ಎಂದ ಇಳಿಕೆಯನ್ನು ತೋಟದವರ ಮಗಳು 'ಶಾರ್ಪ್ಲಿ' ಎನ್ನುತ್ತಾಳೆ. ಇಬ್ಬರಿಗೂ ಅಂಕ ಕೊಡಿ, ಆದರೆ ಕಾರಣ ಹೇಳಿಸಿ.

7. ಮೂರು ತಲೆಮಾರಿನ ಮೂರು ವಾಕ್ಯ ಬರೆಸಿ.
ಕೋಟದ ಶಿವರಾಮ ಕಾರಂತರು 'ಮರಳಿ ಮಣ್ಣಿಗೆ'ಯಲ್ಲಿ ಕರಾವಳಿಯ ಬದಲಾವಣೆಯನ್ನು ಹಿಡಿದದ್ದು ಒಂದೇ ಕುಟುಂಬದ ಮೂರು ತಲೆಮಾರುಗಳ ಮೂಲಕ. ಅದೇ ಚೌಕಟ್ಟು ತರಗತಿಗೂ ಒಗ್ಗುತ್ತದೆ. ಅಜ್ಜ ಏನು ಮಾಡುತ್ತಿದ್ದರು, ಅಪ್ಪ ಈಗ ಏನು ಮಾಡುವುದಿಲ್ಲ, ನಾನು ಈಗಾಗಲೇ ಏನು ಶುರು ಮಾಡಿದ್ದೇನೆ. 'ಯೂಸ್ಡ್ ಟು', 'ಎನಿಮೋರ್', 'ಆಲ್ರೆಡಿ' ಮೂರಕ್ಕೂ ಕೆಲಸ ಸಿಕ್ಕಿತು.

8. 'ಕಂಪ್ಲೀಟ್ಲಿ' ಬಂದರೆ ನಿಲ್ಲಿಸಿ ಕೇಳಿ.
'ಅವರ್ ವಿಲೇಜ್ ಹ್ಯಾಸ್ ಕಂಪ್ಲೀಟ್ಲಿ ಚೇಂಜ್ಡ್' ಎಂಬ ವಾಕ್ಯ ಎಲ್ಲ ಪುಸ್ತಕದಲ್ಲೂ ಇರುತ್ತದೆ. ವ್ಯಾಕರಣ ಸರಿ, ಮಾತು ಸರಿಯೇ? ಮೂಡುಗಲ್ಲಿನ ಗುಹಾಲಯ ಇಲ್ಲವೇ, ಮಳೆಗಾಲ ಇಲ್ಲವೇ, ಅಮ್ಮಮ್ಮನ ಕುಂದಾಪ್ರ ಕನ್ನಡ ಇಲ್ಲವೇ? ಕೇಳುತ್ತ ಹೋದಂತೆ 'ಕಂಪ್ಲೀಟ್ಲಿ' ಇದ್ದದ್ದು 'ಮೋಸ್ಟ್ಲಿ' ಆಗುತ್ತದೆ, 'ಪಾರ್ಟ್ಲಿ'ಗೂ ಇಳಿಯುತ್ತದೆ. ನಾನು ಅಂಕ ಕೊಡುವುದು ಈ ಇಳಿತಕ್ಕೆ. ಉಚ್ಚಾರ ಆಮೇಲೆ ತಿದ್ದಬಹುದು. ಕಂಡಷ್ಟನ್ನು ಕಂಡಷ್ಟೇ ಹೇಳುವ ಅಭ್ಯಾಸ ಮೊದಲು ಬೀಳಬೇಕು.