ಧಾನ್ಯಕ: ಉಷ್ಣವೋ, ಶೀತವೋ?

ಫತೇಗಂಜಿನ ಕಿರಾಣಿ ಅಂಗಡಿಯಲ್ಲಿ ‘ಧಾಣಾ’ ಎಂದು ಕೇಳಿದರೆ ಬೀಜವೂ, ತರಕಾರಿಯವರಲ್ಲಿ ‘ಕೋಥಮೀರ್’ ಎಂದರೆ ಸೊಪ್ಪೂ ದೊರೆಯುವುದು. ಧಾರವಾಡದ ಕಡೆಯಿಂದ ಬಂದವರಿಗೆ ಆ ಬೀಜವೇ ಹವೀಜ. ಆಯುರ್ವೇದವು ಇದನ್ನು ಧಾನ್ಯಕ, ಕುಸ್ತುಂಬುರು ಮೊದಲಾದ ಹೆಸರುಗಳಿಂದ ಕರೆದಿದೆ.

ಕೊತ್ತಂಬರಿ ತಂಪು ಎಂಬುದು ಮನೆಮಾತು. ಆದರೆ ಭಾವಪ್ರಕಾಶವು ಇದನ್ನು ಉಷ್ಣವೀರ್ಯವೆಂದೇ ಹೇಳುತ್ತದೆ! ಚರಕಸಂಹಿತೆಯಲ್ಲಂತೂ ಇದು ಬಾಯಾರಿಕೆಯನ್ನು ತಣಿಸುವ ಹತ್ತು ದ್ರವ್ಯಗಳಲ್ಲಿಯೂ, ಚಳಿಯನ್ನು ನೀಗುವ ಹತ್ತು ದ್ರವ್ಯಗಳಲ್ಲಿಯೂ ಸೇರಿದೆ. ಈ ವಿರೋಧವು ಮೇಲ್ನೋಟದ್ದು. ಒಗರು, ಕಹಿ, ಖಾರ ರಸಗಳುಳ್ಳದ್ದಾದರೂ ಜೀರ್ಣವಾದ ಮೇಲೆ ಇದರ ಪರಿಣಾಮ ಮಧುರ. ಆದ್ದರಿಂದಲೇ ಇದು ಮೂರು ದೋಷಗಳಿಗೂ ಹಿತವೆನಿಸಿದೆ. ಹಸಿಯ ಕೊತ್ತಂಬರಿಯು ವಿಶೇಷವಾಗಿ ಪಿತ್ತಹರ.

ದ್ರವ್ಯದಷ್ಟೇ ಮುಖ್ಯವಾದುದು ಅದನ್ನು ಸಿದ್ಧಪಡಿಸುವ ಕ್ರಮ. ಶಾರ್ಙ್ಗಧರನು ಒಳಉರಿ ಹಾಗೂ ಬಾಯಾರಿಕೆಗೆ ಧಾನ್ಯಕದ ‘ಹಿಮ’ವನ್ನು ವಿಧಿಸಿದ್ದಾನೆ. ಇದಕ್ಕೆ ಬೆಂಕಿಯ ಸೋಂಕಿಲ್ಲ. ಒಂದು ಪಾಲು ಬೀಜವನ್ನು ತರಿತರಿಯಾಗಿ ಕುಟ್ಟಿ, ಆರು ಪಾಲು ತಣ್ಣೀರಿನಲ್ಲಿ ರಾತ್ರಿ ನೆನೆಯಿಡಬೇಕು. 10 ಗ್ರಾಂ ಬೀಜಕ್ಕೆ 60 ಮಿ.ಲೀ. ನೀರಾಯಿತು. ಬೆಳಿಗ್ಗೆ ಕಿವುಚಿ, ಸೋಸಿ, ಸಕ್ಕರೆ ಬೆರೆಸಿ ಕುಡಿಯುವುದು. ಮಧುಮೇಹಿಗಳು ಸಕ್ಕರೆಯನ್ನು ಬಿಡಲೇಬೇಕೆಂದು ಬೇರೆ ಹೇಳಬೇಕಾಗಿಲ್ಲ. ಅತಿಸಾರಕ್ಕಾದರೆ ಕುದಿಸಿದ ಕಷಾಯ: ಕೊತ್ತಂಬರಿ, ಶುಂಠಿ, ಭದ್ರಮುಷ್ಟಿ, ಬಾಲಕ ಮತ್ತು ಎಳೆಯ ಬಿಲ್ವದ ಕಾಯಿ ಸೇರಿದ ‘ಧಾನ್ಯಪಂಚಕ’. ಪಿತ್ತದಿಂದ ಹುಟ್ಟಿದ ಅತಿಸಾರದಲ್ಲಿ ಶುಂಠಿಯನ್ನು ತೆಗೆದು ಉಳಿದ ನಾಲ್ಕನ್ನೇ ಬಳಸುತ್ತಾರೆ. ಬಿಸಿಯಾದ ಶುಂಠಿಯು ಹೊರಗಾದರೂ ಕೊತ್ತಂಬರಿಯು ಉಳಿಯುವುದೆಂಬುದು ಗಮನಾರ್ಹ.

ಬೀಜದ ಪರಿಮಳಕ್ಕೆ ಮುಖ್ಯ ಕಾರಣ ಅದರ ತೈಲದಲ್ಲಿರುವ ಲಿನಲೂಲ್ ಎಂಬ ವಸ್ತು. ರಕ್ತದ ಸಕ್ಕರೆಯನ್ನು ಇಳಿಸುವ ಗುಣದ ಬಗೆಗಿನ ಪ್ರಯೋಗಗಳು ಬಹುಪಾಲು ಪ್ರಾಣಿಗಳ ಮೇಲೆ ನಡೆದವು. ಆದುದರಿಂದ ಥೈರಾಯಿಡ್ ಅಥವಾ ಮಧುಮೇಹದ ಗುಳಿಗೆಯನ್ನು ನಿಲ್ಲಿಸಿ ಕೊತ್ತಂಬರಿ ನೀರನ್ನೇ ನಂಬುವುದು ಅಪಾಯಕರ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು, ‘ಕೆ’ ಜೀವಸತ್ತ್ವವುಳ್ಳ ಈ ಸೊಪ್ಪಿನ ಪ್ರಮಾಣವನ್ನು ಹಠಾತ್ತನೆ ಹೆಚ್ಚಿಸಬಾರದು.

ಗುಜರಾತಿನ ಬೇಸಿಗೆಯು ಲಘುವಾಗಿ ಎಣಿಸತಕ್ಕದ್ದಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಮಾನವು 46.8 ಡಿಗ್ರಿಗೇರಿ, ಸಾಮಾನ್ಯಕ್ಕಿಂತ ಸಾವಿರಕ್ಕೂ ಹೆಚ್ಚು ಮರಣಗಳು ಸಂಭವಿಸಿದವು. ಸಾಧಾರಣ ಬಾಯಾರಿಕೆ, ಉರಿಮೂತ್ರಗಳಿಗೆ ಧಾನ್ಯಹಿಮವು ಒಳ್ಳೆಯ ಪಾನೀಯ. ಆದರೆ ಬಿಸಿಲಿನಲ್ಲಿ ತಿರುಗಿಬಂದವರ ಮೈ ಕಾದು, ಮಾತು ತೊದಲಿ, ಪ್ರಜ್ಞೆ ಮಸುಕಾದರೆ ಬಾಯಿಗೆ ಏನನ್ನೂ ಹಾಕದೆ, ಒಡನೆಯೇ 108ಕ್ಕೆ ಕರೆಮಾಡಿ, ನೆರಳಿನಲ್ಲಿ ಮಲಗಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಬೇಕು.