ಅನಾನ್ಸೆ ಕಥೆಗಳು: ಕಥನದಲ್ಲಿ ಕೇಳುಗರ ಪಾಲು

ಕಥೆ ಹೇಳುವವರ ಸೊತ್ತು, ಉಳಿದವರು ಕೇವಲ ಕೇಳುಗರು ಎಂಬ ಭಾವನೆ ಮುದ್ರಿತ ಸಂಕಲನಗಳಿಂದಲೇ ಜಾನಪದವನ್ನು ಅರಿತವರಲ್ಲಿ ಸುಲಭವಾಗಿ ಬೇರೂರುತ್ತದೆ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಅಕಾನ್ ಜನರ ಕಥನಪರಂಪರೆಯು ಈ ಭಾವನೆಯನ್ನು ತಿದ್ದುತ್ತದೆ.

ಅವರ ಪುರಾಣದಂತೆ ಕಥೆಗಳೆಲ್ಲವೂ ಮೊದಲು ಆಕಾಶದೇವತೆ ನ್ಯಾಮೆಯ ವಶದಲ್ಲಿದ್ದವು. ಅವನ್ನು ಕೊಳ್ಳಲು ಬಂದವನು ಅಲ್ಪಜೀವಿಯಾದ ಜೇಡ, ಅನಾನ್ಸೆ. ಹೆಬ್ಬಾವು, ಚಿರತೆ, ಕಣಜದ ಹಿಂಡು ಹಾಗೂ ಒಬ್ಬ ವನದೇವತೆಯನ್ನು ಹಿಡಿದು ತರಬೇಕೆಂಬುದೇ ಅವುಗಳ ಬೆಲೆ. ಅನಾನ್ಸೆಗೆ ಉಪಾಯ ಸೂಚಿಸಿದವಳು ಅವನ ಹೆಂಡತಿ ಅಸೊ. ತಾಳೆಯ ಕೊಂಬೆ ಉದ್ದವೋ ಹೆಬ್ಬಾವು ಉದ್ದವೋ ಎಂದು ದಂಪತಿಗಳು ಜಗಳವಾಡುವಂತೆ ನಟಿಸುತ್ತಾರೆ. ಅಳತೆಗೆಂದು ಕೊಂಬೆಯ ಮಗ್ಗುಲಲ್ಲಿ ಮೈಚಾಚಿದ ಹೆಬ್ಬಾವು ಬಳ್ಳಿಯ ಕಟ್ಟಿಗೆ ಸಿಲುಕುತ್ತದೆ. ಬೆಲೆ ಸಂದಾಯವಾದ ಮೇಲೆ ದೇವತೆಯ ಕಥೆಗಳು ‘ಅನಾನ್ಸೆಸೆಮ್’, ಅಂದರೆ ಜೇಡನ ಕಥೆಗಳು, ಎನಿಸಿದವು. ಆರ್. ಎಸ್. ರ್‍ಯಾಟ್ರೆ 1930ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಈ ಕಥೆಯಿದೆ. ಬಲದಿಂದಲ್ಲ, ಬುದ್ಧಿಯಿಂದ ದೇವಲೋಕದ ಸಂಪತ್ತು ಜನರ ಪಾಲಾಯಿತೆಂಬುದೇ ಇದರ ತಿರುಳು.

ಜನರ ಪಾಲಾದ ಕಥೆಯನ್ನು ಜನರು ಸುಮ್ಮನೆ ಕುಳಿತು ಕೇಳುವುದಿಲ್ಲ. ಕಥೆಯ ನಡುವೆ ಕೇಳುಗರಲ್ಲೊಬ್ಬರು ತಡೆದು ಹಾಡು ಎತ್ತಬಹುದು. ಉಳಿದವರು ದನಿಗೂಡಿಸಿದ ಬಳಿಕ ಕಥೆ ಮುಂದುವರಿಯುತ್ತದೆ. ಈ ಹಾಡಿನ ಭಾಗಕ್ಕೆ ‘ಮ್ಬೊಗುವೊ’ ಎಂದು ಹೆಸರು. ಕಥೆ ಮುಗಿಸುವಾಗ, ಅದು ರುಚಿಸಿದರೂ ರುಚಿಸದಿದ್ದರೂ ಒಂದಿಷ್ಟನ್ನು ಬೇರೆಡೆಗೆ ಒಯ್ಯಿರಿ, ಒಂದಿಷ್ಟು ನನ್ನೆಡೆಗೆ ಮರಳಲಿ ಎಂಬ ಭಾವದ ಸಾಂಪ್ರದಾಯಿಕ ಮುಕ್ತಾಯ ಬರುತ್ತದೆ. ಸಂಕೋಲೆ ತೊಡಿಸಿ ಜಮೈಕಾಕ್ಕೆ ಸಾಗಿಸಲ್ಪಟ್ಟ ಜನರು ನೆಲ, ಬಂಧುಬಳಗ, ಬಹುಮಟ್ಟಿಗೆ ನುಡಿಯನ್ನೂ ಕಳೆದುಕೊಂಡರು. ಅನಾನ್ಸೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹೊಸ ನುಡಿಯಲ್ಲಿಯೂ ಅವನು ಬದುಕಿದನು.

ನಾಟಕಕಾರ್ತಿ ಎಫುವಾ ಸದರ್‌ಲ್ಯಾಂಡ್ (1924–1996) ಈ ಪರಂಪರೆಗೆ ಆಧುನಿಕ ರಂಗರೂಪವನ್ನಿತ್ತು ಅದನ್ನು ‘ಅನಾನ್ಸೆಗೊರೊ’ ಎಂದು ಕರೆದರು. 1975ರಲ್ಲಿ ಪ್ರಕಟವಾದ ‘ಅನಾನ್ಸೆವಾಳ ಮದುವೆ’ ಅದರ ಪ್ರಸಿದ್ಧ ನಿದರ್ಶನ. ಆಟ್ವಿಯಾ ಎಂಬ ಹಳ್ಳಿಯಲ್ಲಿ ಊರವರೊಡಗೂಡಿ ಅವರು ‘ಕೊಡ್ಜಿಡಾನ್’, ಅಂದರೆ ಕಥಾಮನೆಯನ್ನು ಕಟ್ಟಿಸಿದರು. ಕಥೆಯನ್ನು ಉಳಿಸಲು ಪುಸ್ತಕವೊಂದೇ ಸಾಲದು, ಕೂಡಿ ಕೇಳುವ ತಾಣವೂ ಬೇಕೆಂಬ ಅರಿವು ಅಲ್ಲಿದೆ.

ಕನ್ನಡದ ವಿದ್ಯಾರ್ಥಿಗಳಿಗೆ ಈ ವಿಚಾರ ಅಪರಿಚಿತವಲ್ಲ. ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಉಳಿಸಿಕೊಂಡ ಹೆಂಗಸಿನ ಮೇಲೆ ಅವು ಸೇಡು ತೀರಿಸಿಕೊಂಡ ಕನ್ನಡ ಜನಪದ ಕಥೆಯನ್ನು ಎ. ಕೆ. ರಾಮಾನುಜನ್ ಸಂಗ್ರಹಿಸಿದ್ದಾರೆ. ಅವರಿಂದ ಕೇಳಿದ ಕಥೆಗಳೇ ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೆ ಆಧಾರ. ನಮ್ಮ ‘ಹೂಂಗುಟ್ಟುವ’ ಕೇಳುಗನೂ ಮ್ಬೊಗುವೊ ಹಾಡುವವನ ಬಳಗದವನೇ. ಆದರೆ ಭೇದವನ್ನು ಗಮನಿಸಬೇಕು: ಹೂಂಕಾರ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ, ಮ್ಬೊಗುವೊ ಅದನ್ನು ತಡೆದು ನಿಲ್ಲಿಸುತ್ತದೆ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ಕಥೆಯ ಪಠ್ಯವನ್ನಷ್ಟೇ ಬರೆದುಕೊಂಡರೆ ಅರ್ಧ ಕೆಲಸವಾದಂತೆ. ನಮ್ಮ ಗಡಿಭಾಗದಲ್ಲಿ ಅಜ್ಜಿ ಕನ್ನಡದಲ್ಲಿ ಹೇಳುವಾಗ ಮೊಮ್ಮಗು ಮರಾಠಿಯಲ್ಲಿ ಪ್ರಶ್ನೆ ಕೇಳಿದರೆ ಅದನ್ನು ಅಡ್ಡಿಯೆಂದು ಬಿಡಲಾಗದು. ಅದೂ ಕಥನದ ಅಂಗವೇ. ಆ ಪ್ರಶ್ನೆ ಕೇಳುವವರೆಗೂ ಕಥೆ ಜೀವಂತವಾಗಿದೆ.

ಅಭ್ಯಾಸ
1. ಅನಾನ್ಸೆ ಕಥೆಗಳನ್ನು ಪಡೆದ ಬಗೆಯಲ್ಲಿ ಅಡಗಿರುವ ಸಾಮಾಜಿಕ ಆಶಯವನ್ನು ವಿವೇಚಿಸಿರಿ.
2. ಮನೆಯ ಹಿರಿಯರಿಂದ ಒಂದು ಕಥೆ ಕೇಳಿ, ಕೇಳುಗರ ಮಾತುಗಳನ್ನೂ ಸೇರಿಸಿ ಬರೆದು ತನ್ನಿರಿ.